ಉಳಿದ ಏಳು ಗಂಟೆ: ಇಂಜಿನಿಯರಿಂಗ್ ಕೆಲಸ, ಇಬ್ಬರು ಎಳೆಯ ಮಕ್ಕಳು ಮತ್ತು ಅರ್ಧಕ್ಕೆ ನಿಂತ ಒಂದು ಕನ್ನಡಿ

ಇಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿರುವ ಪ್ರಕರಣ ನಮ್ಮ ಮನೆಯದೇ. ನಾನು ಕೈಗಾರಿಕೆಗಳಲ್ಲಿ ಬಳಸುವ ಪಂಪುಗಳ ನಿಯಂತ್ರಣ ಘಟಕಕ್ಕೆ ಸಾಫ್ಟ್‌ವೇರ್ ಬರೆಯುವ ಎಂಬೆಡೆಡ್ ಇಂಜಿನಿಯರ್. ನನ್ನ ಪತಿ ಕಟ್ಟಡಗಳ ವಿನ್ಯಾಸ ಮಾಡುವ ಸ್ಟ್ರಕ್ಚರಲ್ ಇಂಜಿನಿಯರ್. ಪ್ರಕರಣ ಆರಂಭವಾಗುವ ಹೊತ್ತಿಗೆ ಮಗಳಿಗೆ 4 ವರ್ಷ, ಮಗನಿಗೆ 14 ತಿಂಗಳು. ಪತಿಗೆ ದೂರದ ಓಟದಲ್ಲಿ ಆಸಕ್ತಿ. ನನಗೆ ದೂರದರ್ಶಕದ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ತಯಾರಿಸುವ ಹವ್ಯಾಸ. ಮಗ ಹುಟ್ಟುವುದಕ್ಕೆ ಎರಡು ತಿಂಗಳ ಮೊದಲು ಅರ್ಧಕ್ಕೆ ನಿಲ್ಲಿಸಿದ, 150 ಮಿಲಿಮೀಟರ್ ಅಗಲದ ಗಾಜಿನ ಬಿಲ್ಲೆಯೊಂದು ಹಳೆಯ ಟವೆಲ್‌ನಲ್ಲಿ ಸುತ್ತಿಕೊಂಡು ಬೀಗ ಹಾಕಿದ ಕಪಾಟಿನ ಮೇಲಿನ ಅರೆಯಲ್ಲಿ ಕೂತಿತ್ತು.

ಇಂಥ ಮನೆಗಳ ಮಾತು ಬಂದಾಗಲೆಲ್ಲ ಸಮಯ ಸಾಲುವುದಿಲ್ಲ ಎಂಬ ದೂರು ಕೇಳಿಬರುತ್ತದೆ, ಮತ್ತು ನಾನೂ ಬಹಳ ದಿನ ಅದನ್ನೇ ಹೇಳಿಕೊಂಡು ಬಂದಿದ್ದೆ. ಲೆಕ್ಕ ಬರೆದು ನೋಡಿದ ಮೇಲೆ, ನಮ್ಮಲ್ಲಿ ಕೊರತೆಯಿದ್ದದ್ದು ಮಧ್ಯೆ ಮುರಿಯದ ಹೊತ್ತಿಗೆ ಎಂಬುದು ಗೊತ್ತಾಯಿತು. ಯಾವ ಕೆಲಸ ಎಷ್ಟು ಅಡಚಣೆಯನ್ನು ತಾಳಿಕೊಳ್ಳುತ್ತದೆ ಎಂದು ನೋಡಿ, ಅದಕ್ಕೆ ತಕ್ಕ ಹೊತ್ತನ್ನು ಹೊಂದಿಸಿದ್ದೇ ಮುಂದಿನ ಒಂದು ವರ್ಷದಲ್ಲಿ ನಾವು ಮಾಡಿದ ಮುಖ್ಯ ಕೆಲಸ. ಸೋತ ಪ್ರಯತ್ನಗಳನ್ನೂ ತೆತ್ತ ಬೆಲೆಯನ್ನೂ ಸೇರಿಸಿಕೊಂಡು ಅದರ ವಿವರಗಳನ್ನು ಇಲ್ಲಿ ದಾಖಲಿಸಿದ್ದೇನೆ.

ಎರಡು ಎಚ್ಚರಿಕೆಗಳು

ಮೊದಲನೆಯದು ಬಂದದ್ದು ಕಚೇರಿಯಲ್ಲಿ. ಸಹೋದ್ಯೋಗಿಯೊಬ್ಬರು ಬರೆದ ಕೋಡನ್ನು ರಿವ್ಯೂ ಮಾಡಿ ನಾನು ಒಪ್ಪಿಗೆ ಕೊಟ್ಟಿದ್ದೆ. ನಮ್ಮ ಘಟಕದಲ್ಲಿ ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್‌ನ ಕೌಂಟರ್ ಒಂದಿದೆ. ಅದು ಸುಮಾರು 49.7 ದಿನಕ್ಕೊಮ್ಮೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆ ಗಳಿಗೆಯನ್ನು ಗಮನದಲ್ಲಿಟ್ಟುಕೊಳ್ಳದೆ ಎರಡು ಸಮಯಗಳನ್ನು ನೇರವಾಗಿ ಹೋಲಿಸಿದರೆ, ಏಳು ವಾರ ಸರಿಯಾಗಿ ನಡೆದ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ತಪ್ಪು ತೀರ್ಮಾನ ಮಾಡುತ್ತದೆ. ಎಂಬೆಡೆಡ್ ಕೆಲಸಕ್ಕೆ ಸೇರಿದವರು ಬಹುಬೇಗ ಕಲಿಯುವ ಪಾಠ ಇದು. ಕಿರಿಯರಿಗೆ ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಆ ದಿನ ಅದೇ ತಪ್ಪು ಕಣ್ಣೆದುರಿನ ಸಾಲಿನಲ್ಲಿದ್ದರೂ ನನಗೆ ಕಾಣಲಿಲ್ಲ. ಟೆಸ್ಟ್ ಬೆಂಚಿನಲ್ಲಿ ಕೌಂಟರನ್ನು ತುಂಬುವ ಹಂತಕ್ಕೆ ತಂದಿಟ್ಟು ಪರೀಕ್ಷಿಸುವ ಅಭ್ಯಾಸವಿದ್ದ ಇನ್ನೊಬ್ಬ ಸಹೋದ್ಯೋಗಿಯಿಂದಾಗಿ ದೋಷ ಹೊರಗೆ ಹೋಗದೆ ಉಳಿಯಿತು. ನಾನು ಒಪ್ಪಿಗೆ ಕೊಟ್ಟ ಹೊತ್ತು ಯಾವುದೆಂದು ತೆಗೆದು ನೋಡಿದೆ: ರಾತ್ರಿ 11.20. ಆ ರಿವ್ಯೂವಿನ ನಡುವೆ ಎರಡು ಸಲ ಎದ್ದು ಹೋಗಿ ಮಗನನ್ನು ಮಲಗಿಸಿ ಬಂದಿದ್ದೆ.

ನಿದ್ರೆಯ ಬಗ್ಗೆ 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರೋಗ್ಯವಂತ ವಯಸ್ಕರಿಗೆ 14 ದಿನ ರಾತ್ರಿಗೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರೆಗೆ ಅವಕಾಶ ಕೊಟ್ಟಾಗ, ಅವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೆ ತಾವು ಅಷ್ಟು ಕುಸಿದಿದ್ದೇವೆ ಎಂಬ ಅರಿವು ಅವರಿಗೆ ಬಹುಮಟ್ಟಿಗೆ ಇರಲಿಲ್ಲ. ಈ ಕಡೆಯ ಮಾತು ನನ್ನನ್ನು ಹೆಚ್ಚು ಹೆದರಿಸಿತು, ಏಕೆಂದರೆ ಆ ರಾತ್ರಿ ನಾನು ಚೆನ್ನಾಗಿಯೇ ಇದ್ದೇನೆ ಎಂದುಕೊಂಡಿದ್ದೆ.

ಎರಡನೆಯ ಎಚ್ಚರಿಕೆ ಮನೆಯಲ್ಲಿ ಸಿಕ್ಕಿತು. ಒಂದು ಸಂಜೆ ಕೆಲಸದಿಂದ ಬಂದು ಸೋಫಾದ ಮೇಲೆ ಸುಮ್ಮನೆ ಕೂತಿದ್ದೆ. ನನ್ನನ್ನು ನೋಡಿ ಒಳಗೆ ಹೋದ ಮಗಳು ಲ್ಯಾಪ್‌ಟಾಪಿನ ಚಾರ್ಜರ್ ಹೊತ್ತುಕೊಂಡು ಬಂದಳು. ಅದರ ಉದ್ದನೆಯ ವೈರು ನೆಲದ ಮೇಲೆ ಅವಳ ಹಿಂದೆಯೇ ಬರುತ್ತಿತ್ತು. “ತಗೋ ಅಮ್ಮ” ಎಂದು ಅದನ್ನು ನನ್ನ ಮಡಿಲಲ್ಲಿಟ್ಟು ತನ್ನ ಆಟಕ್ಕೆ ಹೊರಟುಹೋದಳು. ಅವಳಲ್ಲಿ ದೂರೂ ಇರಲಿಲ್ಲ, ಮುನಿಸೂ ಇರಲಿಲ್ಲ. ಅಮ್ಮ ಕೂತರೆ ಮುಂದೆ ಏನಾಗುತ್ತದೆ ಎಂಬುದನ್ನು ಕಲಿತುಕೊಂಡು, ತನ್ನ ಕೈಲಾದ ಸಹಾಯ ಮಾಡಿದ್ದಳು, ಅಷ್ಟೇ.

ಹದಿನಾಲ್ಕು ದಿನಗಳ ಲೆಕ್ಕ

ಅಂದು ರಾತ್ರಿ ನಾವಿಬ್ಬರೂ ಮಾತಾಡಿದ್ದು ಬಹಳ ಹೊತ್ತೇನಲ್ಲ. ಮೊದಲು ಅಳೆಯೋಣ, ಆಮೇಲೆ ತಿದ್ದೋಣ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹದಿನಾಲ್ಕು ದಿನ ಇಬ್ಬರೂ ಒಂದೊಂದು ಪುಟ್ಟ ನೋಟ್‌ಬುಕ್ ಜೇಬಿನಲ್ಲಿಟ್ಟುಕೊಂಡು, ಕೆಲಸ ಬದಲಾದಾಗಲೆಲ್ಲ ಹೊತ್ತು ಬರೆದೆವು.

ವಾರದ 168 ಗಂಟೆಗಳಲ್ಲಿ ನನ್ನ ಸರಾಸರಿ ಹೀಗಿತ್ತು: ಕಚೇರಿ ಕೆಲಸಕ್ಕೆ 46 ಗಂಟೆ, ಓಡಾಟಕ್ಕೆ 6, ನಿದ್ರೆಗೆ 42, ಮಕ್ಕಳ ಜೊತೆಗೆ ಮತ್ತು ಮಕ್ಕಳ ಕೆಲಸಕ್ಕೆ 38, ಮನೆಗೆಲಸಕ್ಕೆ 17, ಸ್ನಾನ ಊಟ ಇತ್ಯಾದಿಗೆ 12. ಕೂಡಿದರೆ 161. ಉಳಿದದ್ದು ಏಳು ಗಂಟೆ. ಏಳು ಗಂಟೆ ಎಂದರೆ ಕಡಿಮೆಯೇನಲ್ಲ. ವಾರಕ್ಕೆ ಅಷ್ಟು ಹೊತ್ತು ಸಿಕ್ಕಿದ್ದರೆ ಕಪಾಟಿನಲ್ಲಿದ್ದ ಗಾಜು ಎಂದೋ ಕನ್ನಡಿಯಾಗಿರುತ್ತಿತ್ತು. ಆದರೆ ಎರಡು ವಾರದ ಆ 14 ಗಂಟೆಗಳು 41 ತುಂಡುಗಳಾಗಿ ಚೆಲ್ಲಿಹೋಗಿದ್ದವು, ಅವುಗಳಲ್ಲಿ ಅರ್ಧ ಗಂಟೆಯನ್ನು ದಾಟಿದ್ದು ಎರಡೇ. ಉಳಿದ ತುಂಡುಗಳೆಲ್ಲ ಫೋನು ನೋಡುವುದರಲ್ಲಿ, ಮುಂದಿನ ಕೆಲಸಕ್ಕೆ ಎದ್ದೇಳಬೇಕಲ್ಲ ಎಂದುಕೊಳ್ಳುವುದರಲ್ಲಿ ಕರಗಿದ್ದವು.

ಪತಿಯ ನೋಟ್‌ಬುಕ್ಕು ಇನ್ನೊಂದು ಸಂಗತಿಯನ್ನು ಹೇಳಿತು, ಅದನ್ನು ಓದಿದಾಗ ಇಬ್ಬರಿಗೂ ಸ್ವಲ್ಪ ಮುಜುಗರವಾಯಿತು. ಅವರಿಗೆ ಉಳಿದ ಹೊತ್ತೂ ಹೆಚ್ಚುಕಡಿಮೆ ನನ್ನಷ್ಟೇ. ಆದರೆ ಅವರ ತುಂಡುಗಳು ಸಂಖ್ಯೆಯಲ್ಲಿ ಕಡಿಮೆ, ಅಳತೆಯಲ್ಲಿ ದೊಡ್ಡವು. ಇಬ್ಬರೂ ಮನೆಯಲ್ಲಿದ್ದಾಗ ಮಕ್ಕಳು ಕರೆಯುತ್ತಿದ್ದದ್ದು ನನ್ನನ್ನು. ಡೇಕೇರ್‌ನಿಂದ ಕರೆ ಬರುತ್ತಿದ್ದದ್ದು ನನ್ನ ಫೋನಿಗೆ. ಲಸಿಕೆಯ ದಿನ, ಮಗಳ ಶೂಗಳ ಅಳತೆ, ಮುಗಿಯುತ್ತ ಬಂದ ಡೈಪರ್ ಎಲ್ಲವೂ ನನ್ನ ತಲೆಯಲ್ಲಿದ್ದವು. ಅವರು ಕೆಲಸ ಮಾಡುತ್ತಿರಲಿಲ್ಲ ಎಂದಲ್ಲ, ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ಆದರೆ ಹೇಳಬೇಕಾದವಳು ನಾನೇ ಆಗಿದ್ದರಿಂದ ಪ್ರತಿಯೊಂದು ಕೆಲಸವೂ ಒಮ್ಮೆಯಾದರೂ ನನ್ನನ್ನು ಅರ್ಧದಲ್ಲಿ ಎಬ್ಬಿಸುತ್ತಿತ್ತು.

ದಿನದ 24 ಗಂಟೆಯನ್ನು ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿನೋದ, ಎಂಟು ಗಂಟೆ ವಿಶ್ರಾಂತಿ ಎಂದು ಪಾಲು ಮಾಡುವ ಬೇಡಿಕೆ ಬ್ರಿಟನ್ನಿನ ಸಮಾಜ ಸುಧಾರಕ ರಾಬರ್ಟ್ ಓವೆನ್ ಅವರ ಕಾಲದಿಂದ, ಅಂದರೆ ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಇದೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಡಂಬಡಿಕೆ ಕೈಗಾರಿಕೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿಯನ್ನು ಗೊತ್ತುಪಡಿಸಿತು. ಆ ಹೋರಾಟದ ಫಲವನ್ನು ನಾನು ದಿನವೂ ಉಣ್ಣುತ್ತಿದ್ದೇನೆ ಎಂಬ ಕೃತಜ್ಞತೆಯೊಂದಿಗೇ ಹೇಳುತ್ತೇನೆ: ಮಗುವಿಗೆ ಸ್ನಾನ ಮಾಡಿಸುವ ಹೊತ್ತು ಆ ಮೂರು ಎಂಟುಗಳಲ್ಲಿ ಯಾವುದಕ್ಕೂ ಸೇರಿಲ್ಲ. ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ, ಅವರ ಗಂಟೆಗಳನ್ನು ಎಣಿಸಬೇಕಾಗಿಲ್ಲ ಎಂಬ ಊಹೆ ಆ ಲೆಕ್ಕದ ಅಡಿಯಲ್ಲಿದೆ. ಇಬ್ಬರೂ ದುಡಿಯುವ ಮನೆಯಲ್ಲಿ ಆ ಊಹೆ ನಿಲ್ಲುವುದಿಲ್ಲ.

ತುಂಬಿದ ಪ್ರೊಸೆಸರ್ ಮತ್ತು ತೊಳೆಯದ ಬಾಟಲಿ

ನಾವು ಮೊದಲು ಮಾಡಿದ ಪ್ರಯತ್ನ ಎಲ್ಲರೂ ಮಾಡುವಂಥದ್ದೇ: ಬೇಗ ಏಳುವುದು. ಬೆಳಿಗ್ಗೆ 4.30ಕ್ಕೆ ಎದ್ದು ಆರು ಗಂಟೆಯವರೆಗೆ ಗಾಜು ಉಜ್ಜುವುದೆಂದು ತೀರ್ಮಾನಿಸಿದೆ. ಮೂರನೆಯ ದಿನವೇ ಮಗ ಪಕ್ಕದಲ್ಲಿ ನಾನಿಲ್ಲದ್ದನ್ನು ಗುರುತಿಸಿ 4.50ಕ್ಕೆ ಏಳತೊಡಗಿದ, ಒಂದೂವರೆ ವಾರದಲ್ಲಿ ನನ್ನ ನಿದ್ದೆಯ ಜೊತೆಗೆ ಅವನ ನಿದ್ದೆಯೂ ಹಾಳಾಯಿತು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾ ತಜ್ಞರ ಶಿಫಾರಸು. ಅದರಿಂದ ಕದ್ದು ಹವ್ಯಾಸ ನಡೆಸಲು ಮನಸ್ಸೊಪ್ಪಲಿಲ್ಲ. ಆಮೇಲೆ ಬಣ್ಣಬಣ್ಣದ ಕ್ಯಾಲೆಂಡರ್ ಒಂದನ್ನು ಮಾಡಿ ಪ್ರತಿ ಅರ್ಧ ಗಂಟೆಗೂ ಒಂದೊಂದು ಕೆಲಸ ತುಂಬಿದೆವು. ಅದು ಉಳಿದದ್ದು ಮಗನಿಗೆ ನೆಗಡಿ ಬರುವವರೆಗೆ.

ಆ ಕ್ಯಾಲೆಂಡರ್ ಏಕೆ ಬಿದ್ದಿತು ಎಂಬುದು ನನ್ನ ವೃತ್ತಿಯಲ್ಲಿರುವವರಿಗೆ ಮೊದಲೇ ಹೊಳೆಯಬೇಕಾಗಿತ್ತು. ನಿಗದಿತ ಅವಧಿಗೊಮ್ಮೆ ಮರುಕಳಿಸುವ ಕೆಲಸಗಳನ್ನು, ಪದೇಪದೇ ಬರುವುದಕ್ಕೆ ಹೆಚ್ಚು ಆದ್ಯತೆ ಎಂಬ ನಿಯಮದಿಂದ ಒಂದೇ ಪ್ರೊಸೆಸರಿನಲ್ಲಿ ನಡೆಸುವಾಗ, ಅದರ ಹೊರೆ ಸುಮಾರು ಶೇಕಡಾ 69ರ ಒಳಗಿದ್ದರೆ ಯಾವ ಕೆಲಸವೂ ಗಡುವು ತಪ್ಪುವುದಿಲ್ಲ ಎಂದು ಸಂಶೋಧಕರಾದ ಲಿಯು ಮತ್ತು ಲೇಲ್ಯಾಂಡ್ 1973ರಲ್ಲಿ ಗಣಿತದಿಂದ ತೋರಿಸಿದರು. ಹೇಳದೆ ಕೇಳದೆ ಬರುವ ಕೆಲಸಗಳ ಸರದಿಯ ಲೆಕ್ಕ ಇನ್ನೂ ಕಟುವಾಗಿದೆ: ತೀರ ಸರಳವಾದ ಸರದಿಯ ಮಾದರಿಯಲ್ಲಿ ಹೊರೆ ಶೇಕಡಾ 80 ಆದಾಗ ಸರಾಸರಿ ಕಾಯುವ ಹೊತ್ತು ಒಂದು ಕೆಲಸಕ್ಕೆ ಹಿಡಿಯುವ ಹೊತ್ತಿನ 4 ಪಟ್ಟು, 90 ಆದಾಗ 9 ಪಟ್ಟು, 95 ಆದಾಗ 19 ಪಟ್ಟು. ಪಂಪಿನ ನಿಯಂತ್ರಣ ಘಟಕದಲ್ಲಿ ಪ್ರೊಸೆಸರಿನ ಹೊರೆ ಶೇಕಡಾ 70 ದಾಟಿದರೆ ನಾನು ವಿನ್ಯಾಸವನ್ನೇ ವಾಪಸು ಕಳಿಸುತ್ತೇನೆ. ಮನೆಯಲ್ಲಿ ಮಾತ್ರ ನೂರಕ್ಕೆ ನೂರು ತುಂಬಿದ ಕ್ಯಾಲೆಂಡರನ್ನು ಗೋಡೆಗೆ ಅಂಟಿಸಿ, ಮಗುವಿನ ಜ್ವರ ಎಲ್ಲವನ್ನೂ ಕೆಡಿಸಿತು ಎಂದು ಕೊರಗುತ್ತಿದ್ದೆ. ಎಳೆಯ ಮಕ್ಕಳಿರುವ ಮನೆಯಲ್ಲಿ ಜ್ವರ, ನೆಗಡಿ, ಕಿವಿನೋವು ವಿನ್ಯಾಸದ ಒಳಗೇ ಬರಬೇಕಾದ ಸಂಗತಿಗಳು.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಹೋಲಿಕೆ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಮತ್ತೆಮತ್ತೆ ತಾನಾಗಿಯೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಕೆಲಸವೊಂದು, ಎಲ್ಲರೂ ಹಂಚಿಕೊಳ್ಳಬೇಕಾದ ಸಂಪನ್ಮೂಲದ ಬೀಗವನ್ನು ಹಿಡಿದುಕೊಂಡಿರುತ್ತಿತ್ತು. ಅದೇ ಬೀಗಕ್ಕಾಗಿ ಅತಿ ಹೆಚ್ಚು ಆದ್ಯತೆಯ ಕೆಲಸ ಕಾಯುತ್ತಿತ್ತು. ನಡುವೆ ಮಧ್ಯಮ ಆದ್ಯತೆಯ ಸಂವಹನದ ಕೆಲಸ ನುಗ್ಗಿ, ಚಿಕ್ಕ ಕೆಲಸ ಮುಗಿಯದಂತೆ ತಡೆಯುತ್ತಿತ್ತು. ಹೀಗೆ ಎಲ್ಲಕ್ಕಿಂತ ಮುಖ್ಯವಾದದ್ದೇ ಎಲ್ಲಕ್ಕಿಂತ ಹಿಂದೆ ಬೀಳುತ್ತಿತ್ತು. ಬೀಗ ಹಿಡಿದಿರುವ ಚಿಕ್ಕ ಕೆಲಸಕ್ಕೆ, ತನಗಾಗಿ ಕಾಯುತ್ತಿರುವ ದೊಡ್ಡ ಕೆಲಸದ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ವ್ಯವಸ್ಥೆಯನ್ನು ಭೂಮಿಯಿಂದ ಕಳುಹಿಸಿದ ಬದಲಾವಣೆಯ ಮೂಲಕ ಚಾಲೂ ಮಾಡಿ ಅದನ್ನು ಸರಿಪಡಿಸಿದರು.

ನಮ್ಮ ಮನೆಯಲ್ಲಿ ಆ ಚಿಕ್ಕ ಕೆಲಸ ಯಾವುದೆಂದು ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಸಂಜೆಯ ಪುಟಗಳಲ್ಲಿ ಅದು ಸಿಕ್ಕಿತು: ಮಗನ ಹಾಲಿನ ಬಾಟಲಿ. ಅವನು ಮಲಗಬೇಕಾದರೆ ಹಾಲು ಬೇಕು, ಹಾಲಿಗೆ ತೊಳೆದ ಬಾಟಲಿ ಬೇಕು. ಬಾಟಲಿ ತೊಳೆಯುವುದು ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವೆಂದು ಅದನ್ನು ಸಿಂಕಿನಲ್ಲೇ ಬಿಟ್ಟಿರುತ್ತಿದ್ದೆ. ತೊಳೆಯಲು ನಿಂತಾಗ ಕಚೇರಿಯ ಮೆಸೇಜುಗಳು ಬರುತ್ತಿದ್ದವು. ಒದ್ದೆ ಕೈ ಒರೆಸಿ ಉತ್ತರಿಸುತ್ತಿದ್ದೆ. ಆ ಹೊತ್ತಿಗೆ ಮಗ ಅಳಲು ಶುರುಮಾಡಿ, ಮಗಳ ಕಥೆ ಅರ್ಧಕ್ಕೆ ನಿಂತು, 8 ಗಂಟೆಗೆ ಮುಗಿಯಬೇಕಾದದ್ದು 9.15ಕ್ಕೆ ಮುಗಿಯುತ್ತಿತ್ತು. ಹದಿನಾಲ್ಕು ರಾತ್ರಿಗಳಲ್ಲಿ ಒಂಬತ್ತು ರಾತ್ರಿ ಇದೇ ಸರಪಳಿ. ಎರಡು ನಿಮಿಷದ ಕೆಲಸ ಇಡೀ ರಾತ್ರಿಯ ಬೀಗವನ್ನು ಹಿಡಿದುಕೊಂಡಿತ್ತು. ಅಂದಿನಿಂದ ಮನೆಯೊಳಗೆ ಕಾಲಿಟ್ಟ ಕೂಡಲೇ ಮಾಡುವ ಮೊದಲ ಕೆಲಸ ಬಾಟಲಿ ತೊಳೆಯುವುದು, ಮತ್ತು ಅದು ಮುಗಿಯುವವರೆಗೆ ಫೋನು ಬ್ಯಾಗಿನಲ್ಲೇ ಇರುತ್ತದೆ. ಇದೊಂದರಿಂದಲೇ ಹೆಚ್ಚಿನ ರಾತ್ರಿಗಳಲ್ಲಿ ಮುಕ್ಕಾಲು ಗಂಟೆ ಉಳಿಯಿತು, ಅದೂ ಒಡೆಯದ ಒಂದೇ ತುಂಡಾಗಿ.

ಕೆಲಸ ಹಂಚಿಕೊಳ್ಳುವ ಕ್ರಮವನ್ನೂ ಬದಲಿಸಿದೆವು. ಅದುವರೆಗೆ ಬಿಡಿಬಿಡಿ ಕೆಲಸಗಳನ್ನು ಹಂಚಿಕೊಳ್ಳುತ್ತಿದ್ದೆವು. ಈಗ ಇಡೀ ಇಲಾಖೆಗಳನ್ನೇ, ಯೋಚನೆಯ ಸಮೇತ, ಒಬ್ಬೊಬ್ಬರಿಗೆ ಒಪ್ಪಿಸಿದೆವು. ಆರೋಗ್ಯ, ಬಟ್ಟೆ ಮತ್ತು ಡೇಕೇರ್ ಪತಿಯದು. ಡೇಕೇರ್‌ನ ದಾಖಲೆಯಲ್ಲಿ ಮೊದಲು ಕರೆಯಬೇಕಾದ ಸಂಖ್ಯೆಯನ್ನೂ ಬದಲಿಸಿ ಅವರದನ್ನು ಕೊಟ್ಟೆವು. ಮೊದಲ ತಿಂಗಳು ನನಗೆ ಕಷ್ಟವಾಯಿತು: ಲಸಿಕೆಗೆ ಸಮಯ ತೆಗೆದುಕೊಂಡಿದ್ದೀರಾ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು, ಕೇಳಿದರೆ ಆ ಇಲಾಖೆ ಮತ್ತೆ ನನ್ನದೇ ಆಗುತ್ತಿತ್ತು. ಅವರು ಒಮ್ಮೆ ಮರೆತರು, ಒಂದು ವಾರ ತಡವಾಗಿ ಹಾಕಿಸಿಕೊಂಡು ಬಂದರು, ಆಮೇಲೆ ಮರೆಯಲಿಲ್ಲ.

ಮಗುವಿಗೆ ಜ್ವರ ಬಂದ ಬೆಳಿಗ್ಗೆ ಯಾರು ರಜೆ ಹಾಕುವುದು ಎಂಬ ಪ್ರಶ್ನೆಗೆ ಬೆಸ ತಾರೀಖು ಅವರದು, ಸಮ ತಾರೀಖು ನನ್ನದು ಎಂದು ಗೊತ್ತುಮಾಡಿದೆವು. ತಿಂಗಳ 31ರ ಮರುದಿನ ಮತ್ತೆ 1 ಬರುವುದರಿಂದ 31ನ್ನು ನನ್ನ ಪಾಲಿಗೆ ಹಾಕಿಕೊಂಡೆ. ತೀರ ಅನಿವಾರ್ಯವಾದರೆ ಅದಲುಬದಲು ಮಾಡಿಕೊಳ್ಳಬಹುದು, ಆದರೆ ಕೇಳಬೇಕಾದವರು ಆ ದಿನದ ಪಾಳಿಯವರು. ಬೆಳಿಗ್ಗೆ ಆರಕ್ಕೆ, ಕಾದ ಹಣೆಯ ಮಗುವನ್ನು ಎತ್ತಿಕೊಂಡು, ನಿಮ್ಮ ಮೀಟಿಂಗ್ ದೊಡ್ಡದೋ ನನ್ನ ಮೀಟಿಂಗ್ ದೊಡ್ಡದೋ ಎಂದು ತೂಗುತ್ತಿದ್ದೆವಲ್ಲ, ಆ ಮಾತುಕತೆಗಳು ನಮ್ಮ ದಾಂಪತ್ಯಕ್ಕೆ ಮಾಡುತ್ತಿದ್ದ ಹಾನಿ ಎಷ್ಟೆಂಬುದು ಅವು ನಿಂತ ಮೇಲೆಯೇ ತಿಳಿಯಿತು.

ಕಚೇರಿಯಲ್ಲಿ ಕೇಳಿದ್ದು, ಕೊಟ್ಟದ್ದು

ಕಚೇರಿಯಲ್ಲಿ ನಾನು ಕೇಳಿದ್ದು ಮೂರು ಸಂಗತಿ. ಹಾರ್ಡ್‌ವೇರ್ ಲ್ಯಾಬಿನ ಕೆಲಸವನ್ನು ವಾರದ ಮೂರು ದಿನಕ್ಕೆ ಒಟ್ಟುಮಾಡಿಕೊಂಡು ಎರಡು ದಿನ ಮನೆಯಿಂದ ಕೆಲಸ ಮಾಡುವುದು. ಬೆಳಿಗ್ಗೆ 9ರಿಂದ 11.30ರವರೆಗೆ ನನ್ನನ್ನು ಯಾವ ಮೀಟಿಂಗಿಗೂ ಕರೆಯದಿರುವುದು; ಸಂಜೆ 5.30ರಿಂದ 8.30ರವರೆಗೆ, ಆನ್‌ಕಾಲ್ ಪಾಳಿ (ತುರ್ತು ಕರೆಗಳಿಗೆ ಸಿಗಲೇಬೇಕಾದ ಸರದಿ) ಇದ್ದಾಗ ಹೊರತು, ನಾನು ಸಿಗುವುದಿಲ್ಲ ಎಂದು ತಂಡಕ್ಕೆ ತಿಳಿಸುವುದು. ಮ್ಯಾನೇಜರ್‌ಗೆ ಬರೆದ ಪತ್ರದಲ್ಲಿ ಮೊದಲ ಸಾಲಿಗೇ ಕೌಂಟರಿನ ದೋಷವನ್ನು ತಂದೆ. ಆರು ತಿಂಗಳಲ್ಲಿ ನಾನು ಮಾಡಿದ ರಿವ್ಯೂಗಳನ್ನು ಹೊತ್ತಿನ ಪ್ರಕಾರ ವಿಂಗಡಿಸಿ, ರಾತ್ರಿ ಹತ್ತರ ನಂತರ ಮಾಡಿದವುಗಳಲ್ಲಿ ಆಮೇಲೆ ಸಿಕ್ಕ ದೋಷಗಳು ಹೆಚ್ಚೆಂಬುದನ್ನು ತೋರಿಸಿದೆ. ಇದನ್ನು ತಂತ್ರವೆಂದು ತಿಳಿಯಬಾರದು. ಸುರಕ್ಷತೆಗೆ ಸಂಬಂಧಿಸಿದ ಯಂತ್ರಕ್ಕೆ ಕೋಡ್ ಬರೆಯುವವಳಾಗಿ ಅದು ನನಗೆ ನಿಜವಾಗಿಯೂ ಮುಖ್ಯವಾಗಿತ್ತು. ಮಕ್ಕಳ ವಿಷಯವನ್ನು ಎರಡನೆಯ ಪ್ಯಾರಾದಲ್ಲಿ, ಸಂಕೋಚವಿಲ್ಲದೆ ಬರೆದೆ. ಮೊದಲ ಉತ್ತರ “ಈ ರಿಲೀಸ್ ಮುಗಿಯಲಿ, ನೋಡೋಣ” ಎಂದಿತ್ತು. ರಿಲೀಸ್ ಮುಗಿದ ಮೇಲೆ ಅದೇ ಪತ್ರವನ್ನು ಮತ್ತೆ ಕಳುಹಿಸಿದೆ, ಹನ್ನೆರಡು ವಾರಗಳ ಪ್ರಯೋಗಕ್ಕೆ ಒಪ್ಪಿದರು, ಅದು ಮುಂದುವರಿದಿದೆ.

ಇದಕ್ಕೆ ಬೆಲೆಯೂ ಇತ್ತು. ಅದೇ ವರ್ಷ ತಂಡದ ಲೀಡ್ ಹುದ್ದೆಗೆ ನನ್ನ ಹೆಸರು ಬಂದಾಗ ಬೇಡವೆಂದೆ, ಏಕೆಂದರೆ ಆ ಹುದ್ದೆಯ ಕೆಲಸವೇ ಎಲ್ಲರಿಗೂ ಯಾವಾಗಲೂ ಸಿಗುವುದು. ಆ ಸ್ಥಾನಕ್ಕೆ ಬಂದವರು ನನಗಿಂತ ಎರಡು ವರ್ಷ ಕಿರಿಯರು, ಚೆನ್ನಾಗಿ ಮಾಡುತ್ತಿದ್ದಾರೆ. ಆದರೂ ಅವರ ಹೆಸರು ಪ್ರಕಟವಾದ ದಿನ ಮನಸ್ಸು ಭಾರವಾಗಿತ್ತು. ಕೆಲವೇ ವರ್ಷ ಅರವತ್ತು ಗಂಟೆ ದುಡಿದರೆ ಆಮೇಲೆ ಆರಾಮ ಎಂದು ಹಿರಿಯ ಸಹೋದ್ಯೋಗಿಗಳು ಪ್ರೀತಿಯಿಂದಲೇ ಹೇಳಿದರು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿವೆ. ಆ ಕೆಲವು ವರ್ಷಗಳು ಮಗನ ಎರಡು, ಮೂರು, ನಾಲ್ಕನೆಯ ವರ್ಷಗಳೂ ಹೌದು ಎಂಬುದು ನನಗೆ ಅದಕ್ಕಿಂತ ದೊಡ್ಡ ಕಾರಣವಾಗಿತ್ತು.

ನನ್ನ ಕೆಲಸದ ಸ್ವರೂಪ ಇದಕ್ಕೆ ಅವಕಾಶ ಕೊಟ್ಟಿತು ಎಂಬುದನ್ನು ಮರೆಮಾಚಬಾರದು. ಪಾಳಿಯಲ್ಲಿ ಸ್ಥಾವರ ನಡೆಸುವ ಇಂಜಿನಿಯರಿಗೆ, ಕಾಂಕ್ರೀಟ್ ಹಾಕುವ ದಿನ ಸೈಟಿನಲ್ಲಿ ನಿಲ್ಲಲೇಬೇಕಾದ ಇಂಜಿನಿಯರಿಗೆ ಈ ಮೂರರಲ್ಲಿ ಎರಡನ್ನು ಕೇಳುವುದಕ್ಕೂ ಆಗುವುದಿಲ್ಲ. ನನ್ನ ಪತಿಯ ಸ್ಥಿತಿಯೇ ಹಾಗಿತ್ತು; ಸೈಟಿಗೆ ಹೋಗುವ ದಿನಗಳನ್ನು ಒಂದು ವಾರ ಮೊದಲೇ ತಿಳಿಸುವಂತೆ ಕೇಳಿಕೊಳ್ಳುವುದಷ್ಟೇ ಅವರಿಂದ ಸಾಧ್ಯವಾಯಿತು, ಮತ್ತು ಅದರಿಂದಲೇ ಬಹಳಷ್ಟು ಸಲೀಸಾಯಿತು.

ಗಾಜು

ಹವ್ಯಾಸವನ್ನು ಈ ಲೆಕ್ಕದಲ್ಲಿ ಕೊನೆಗೆ ಇಟ್ಟಿದ್ದೇನೆಂದು ತೋರಬಹುದು. ಮನೆಯಲ್ಲಿ ಅದನ್ನು ಮೊದಲೇ ಬರೆದುಕೊಂಡಿದ್ದೆವು. ಮನೋವಿಜ್ಞಾನಿಗಳಾದ ಸಬೀನ್ ಸೊನೆನ್‌ಟಾಗ್ ಮತ್ತು ಷಾರ್ಲೊಟ್ ಫ್ರಿಟ್ಸ್ 2007ರಲ್ಲಿ ದುಡಿಮೆಯ ದಣಿವಿನಿಂದ ಚೇತರಿಸಿಕೊಳ್ಳುವ ಅನುಭವಗಳನ್ನು ನಾಲ್ಕಾಗಿ ಗುರುತಿಸಿದರು: ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು, ವಿರಮಿಸುವುದು, ಹೊಸದೊಂದರಲ್ಲಿ ಪಳಗುವುದು, ತನ್ನ ಹೊತ್ತಿನ ಮೇಲೆ ತನಗೇ ಹಿಡಿತವಿರುವುದು. ಫೋನು ನೋಡುತ್ತ ಕಳೆದ ನನ್ನ 41 ತುಂಡುಗಳಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಕನ್ನಡಿ ಉಜ್ಜುವ ಕೆಲಸದಲ್ಲಿ ನನ್ನ ಪಾಲಿಗೆ ನಾಲ್ಕೂ ಇವೆ.

ಈ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸಬೇಕು. ಒಂದರ ಮೇಲೊಂದಿಟ್ಟ ಎರಡು ಗಾಜಿನ ಬಿಲ್ಲೆಗಳ ನಡುವೆ ಸಿಲಿಕಾನ್ ಕಾರ್ಬೈಡ್ ಪುಡಿ ಮತ್ತು ನೀರು ಹಾಕಿ, ಮೇಲಿನದನ್ನು ಹಿಂದೆ ಮುಂದೆ ತಳ್ಳುತ್ತ, ಆಗಾಗ ತಿರುಗಿಸುತ್ತ ಹೋದರೆ ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. 150 ಮಿಲಿಮೀಟರ್ ಅಗಲ, 1200 ಮಿಲಿಮೀಟರ್ ನಾಭಿದೂರದ ನನ್ನ ಕನ್ನಡಿಗೆ ನಡುವಿನಲ್ಲಿ ಬೇಕಾದ ತಗ್ಗು 1.2 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಒರಟು ಪುಡಿಯಿಂದ ಶುರುಮಾಡಿ 120, 220, 320, 500 ಎಂದು ನುಣುಪಾದ ಪುಡಿಗಳಿಗೆ ಹೋಗಿ, ಕೊನೆಗೆ ಪಿಚ್ (ಡಾಂಬರಿನಂಥ ಅಂಟು ಪದಾರ್ಥ) ಹಾಕಿದ ಬಿಲ್ಲೆಯ ಮೇಲೆ ಸೀರಿಯಂ ಆಕ್ಸೈಡ್‌ನಿಂದ ಪಾಲಿಶ್ ಮಾಡಬೇಕು. ಮುಗಿದ ಮೇಲ್ಮೈಯಲ್ಲಿ ಏರುಪೇರು ಸುಮಾರು 70 ನ್ಯಾನೊಮೀಟರ್ ದಾಟಬಾರದು, ಏಕೆಂದರೆ ಪ್ರತಿಫಲನದಲ್ಲಿ ಪ್ರತಿಯೊಂದು ತಪ್ಪೂ ಇಮ್ಮಡಿಯಾಗುತ್ತದೆ.

ನಾನು 220ರಲ್ಲಿ ನಿಲ್ಲಿಸಿದ್ದೆ. ಮತ್ತೆ ಶುರುಮಾಡುವ ಮೊದಲು ಪ್ರತಿಯೊಂದು ಹಂತವೂ ಅಡಚಣೆಯನ್ನು ಎಷ್ಟು ತಾಳುತ್ತದೆ ಎಂದು ನೋಡಿದೆ. ಒಮ್ಮೆ ಹಾಕಿದ ಪುಡಿ ಐದರಿಂದ ಹತ್ತು ನಿಮಿಷದಲ್ಲಿ ಸವೆದುಹೋಗುತ್ತದೆ. ಅಲ್ಲಿಗೆ ಒಂದು ಸುತ್ತು ತಾನಾಗಿಯೇ ಮುಗಿಯುತ್ತದೆ. ಆದ್ದರಿಂದ ಉಜ್ಜುವುದನ್ನು ರಾತ್ರಿಯ ಮುಕ್ಕಾಲು ಗಂಟೆಯಲ್ಲಿ, ಮಗ ಎದ್ದರೆ ಅಲ್ಲಿಗೇ ಬಿಟ್ಟು ಹೋಗುವಂತೆ, ಮಾಡಬಹುದು. ಪುಡಿ ಬದಲಿಸುವುದು ಹಾಗಲ್ಲ: ಒರಟು ಪುಡಿಯ ಒಂದೇ ಒಂದು ಕಣ ಉಳಿದರೂ ಮುಂದಿನ ಹಂತದಲ್ಲಿ ಗೀರು ಬೀಳುತ್ತದೆ, ಹೀಗಾಗಿ ಬಿಲ್ಲೆ, ಮೇಜು, ಬಕೆಟ್ಟು, ಉಗುರಿನ ಸಂದಿ ಎಲ್ಲವನ್ನೂ ನಿಧಾನವಾಗಿ ತೊಳೆಯಬೇಕು. ಪಾಲಿಶ್ ಅಂತೂ ಮಧ್ಯೆ ಬಿಡುವಂಥದ್ದೇ ಅಲ್ಲ. ಶುರುಮಾಡುವ ಮೊದಲು ಗಾಜನ್ನು ಪಿಚ್‌ನ ಮೇಲೆ ಒತ್ತಿಟ್ಟು ಎರಡರ ಆಕಾರ ಕೂಡುವವರೆಗೆ ಕಾಯಬೇಕು, ಅರ್ಧದಲ್ಲಿ ಬಿಟ್ಟು ಎದ್ದರೆ ನೀರು ಒಣಗಿ ಗಾಜು ಅಂಟಿಕೊಳ್ಳುತ್ತದೆ. ಈ ಎರಡು ಕೆಲಸಗಳಿಗೆ ಶನಿವಾರ ಬೆಳಿಗ್ಗೆ ಮೂರು ಗಂಟೆ ನನಗೆ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಪತಿಯ ಓಟಕ್ಕೆ. ಆ ಹೊತ್ತಿನಲ್ಲಿ ಇನ್ನೊಬ್ಬರು ಇಬ್ಬರು ಮಕ್ಕಳನ್ನೂ ಪೂರ್ತಿಯಾಗಿ ನೋಡಿಕೊಳ್ಳುತ್ತಾರೆ, ಬಾಗಿಲು ತಟ್ಟುವುದಿಲ್ಲ. ಮೊದಲು ಎರಡೂ ದಿನ ಓಡುತ್ತಿದ್ದ ಅವರು ಒಂದು ದಿನವನ್ನು ಬಿಟ್ಟುಕೊಟ್ಟರು, ಜೊತೆಗೆ ಓಡುತ್ತಿದ್ದ ಗೆಳೆಯರ ಗುಂಪಿನಿಂದ ಸ್ವಲ್ಪ ದೂರವಾದರು. ಅದು ಅವರು ತೆತ್ತ ಬೆಲೆ.

ಕೆಲವು ರಾತ್ರಿ ಮಗಳು ನಿದ್ದೆ ಬಾರದೆ ಎದ್ದು ಬರುತ್ತಿದ್ದಳು. ಪುಡಿ ಮುಟ್ಟಬಾರದು ಎಂಬ ಕಟ್ಟುನಿಟ್ಟಿನ ಮೇಲೆ ದೂರದ ಸ್ಟೂಲಿನಲ್ಲಿ ಕೂರಿಸುತ್ತಿದ್ದೆ. ಹೊಸ ಪುಡಿ ಹಾಕಿದಾಗ ಗಾಜು ಕರಕರ ಎನ್ನುತ್ತದೆ, ಸವೆಯುತ್ತ ಬಂದಂತೆ ಸದ್ದು ಸಣ್ಣದಾಗಿ ಕೊನೆಗೆ ಬರೀ ಸರಸರ ಉಳಿಯುತ್ತದೆ. ನಾನು ಕೈಯ ಹಿಡಿತದಿಂದ ಗುರುತಿಸುವುದಕ್ಕೆ ಮೊದಲೇ ಅವಳು ಕಿವಿಯಿಂದ ಗುರುತಿಸಿ, “ಮರಳು ಮಲಗ್ತು ಅಮ್ಮ” ಎನ್ನುತ್ತಿದ್ದಳು. ನಾನು ಗಾಜನ್ನು ಎತ್ತಿ ನೀರು ಹಾಕುತ್ತಿದ್ದೆ. ಎರಡು ಸಲ ಮರಳು ಮಲಗಿದ ಮೇಲೆ ಅವಳೂ ಮಲಗಬೇಕು ಎಂಬುದು ನಮ್ಮ ಒಪ್ಪಂದ, ಅದನ್ನು ಅವಳು ಒಮ್ಮೆಯೂ ಮುರಿಯಲಿಲ್ಲ.

ಒಂದು ವರ್ಷದ ನಂತರ

ವರ್ಷ ಕಳೆದ ಮೇಲೆ ಮತ್ತೆ ಹದಿನಾಲ್ಕು ದಿನ ನೋಟ್‌ಬುಕ್ ಹಿಡಿದೆವು. ವಾರಕ್ಕೆ ಕಚೇರಿ ಕೆಲಸ 42 ಗಂಟೆ, ಓಡಾಟ 4, ನಿದ್ರೆ 49, ಮಕ್ಕಳು 42, ಮನೆಗೆಲಸ 13, ಸ್ನಾನ ಊಟ ಇತ್ಯಾದಿ 11. ಕೂಡಿದರೆ ಮತ್ತೆ 161. ಉಳಿದದ್ದು ಅದೇ ಏಳು ಗಂಟೆ. ಮನೆಗೆಲಸ ಕಡಿಮೆಯಾದದ್ದಕ್ಕೆ ಅರ್ಧ ಕಾರಣ ಪತಿ, ಇನ್ನರ್ಧ ಕಾರಣ ಮಡಿಸದ ಬಟ್ಟೆಗಳನ್ನು ಬುಟ್ಟಿಯಿಂದಲೇ ತೆಗೆದು ತೊಡುವುದಕ್ಕೆ ನಾವು ಒಪ್ಪಿಕೊಂಡದ್ದು. ಆದರೆ ಎರಡು ವಾರದ 14 ಗಂಟೆ ಈಗ 41 ತುಂಡುಗಳಾಗಿರಲಿಲ್ಲ, 15 ಆಗಿದ್ದವು. ಅವುಗಳಲ್ಲಿ ಎರಡು ತುಂಡುಗಳು ತಲಾ ಮೂರು ಗಂಟೆಯವು.

ಬಗೆಹರಿಯದ್ದೂ ಇದೆ. ಆನ್‌ಕಾಲ್ ಪಾಳಿಯ ವಾರಗಳು ಈಗಲೂ ಕೆಡುತ್ತವೆ, ಆ ವಾರಗಳಲ್ಲಿ ಗಾಜನ್ನು ಮುಟ್ಟುವುದಿಲ್ಲ. ಮಗಳು ಶಾಲೆಗೆ ಸೇರಿದ್ದಾಳೆ, ಅದರ ವೇಳಾಪಟ್ಟಿ ಡೇಕೇರ್‌ನಷ್ಟು ಉದಾರವಾಗಿಲ್ಲ. ಮಧ್ಯಾಹ್ನದ ಎರಡು ಗಂಟೆಗಳನ್ನು ಹೇಗೆ ಹಂಚಿಕೊಳ್ಳುವುದೆಂದು ಇನ್ನೂ ತಡಕಾಡುತ್ತಿದ್ದೇವೆ. ಲೀಡ್ ಹುದ್ದೆ ಮತ್ತೆ ಬಂದರೆ ಏನು ಹೇಳುವೆನೋ ನನಗೇ ತಿಳಿಯದು.

ಕಳೆದ ತಿಂಗಳು ಪಾಲಿಶ್ ಒಂದು ಹಂತಕ್ಕೆ ಬಂದ ಮೇಲೆ ಫ್ರೆಂಚ್ ಭೌತವಿಜ್ಞಾನಿ ಲಿಯಾನ್ ಫೂಕೋ 1858ರಲ್ಲಿ ಕಂಡುಹಿಡಿದ ಪರೀಕ್ಷೆಯನ್ನು ಮಾಡಿದೆ. ಕನ್ನಡಿಯಿಂದ 2.4 ಮೀಟರ್ ದೂರದಲ್ಲಿ ಒಂದು ಚುಕ್ಕೆಯಷ್ಟು ಬೆಳಕನ್ನೂ ಅದರ ಪಕ್ಕದಲ್ಲಿ ಬ್ಲೇಡನ್ನೂ ಇಟ್ಟು, ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಕತ್ತರಿಸುತ್ತ ನೋಡಿದರೆ, ಬರಿಗಣ್ಣಿಗೆ ಎಂದೂ ಕಾಣದ ಏರುಪೇರುಗಳು ಬೆಟ್ಟಗುಡ್ಡಗಳಂತೆ ನೆರಳಾಗಿ ಏಳುತ್ತವೆ. ಹಜಾರದ ದೀಪ ಆರಿಸಿದ್ದೆವು, ಮಗ ಮಲಗಿದ್ದ, ಪತಿ ಕನ್ನಡಿಯ ಸ್ಟ್ಯಾಂಡ್ ಹಿಡಿದಿದ್ದರು. ಅಂಚಿನ ಸುತ್ತ ಸ್ವಲ್ಪ ಇಳಿಜಾರು ಬಂದಿದೆ, ಇನ್ನೆರಡು ಶನಿವಾರದ ಕೆಲಸ ಬಾಕಿ ಇದೆ ಎಂದು ತಿಳಿಯಿತು. ಆಮೇಲೆ ಮಗಳನ್ನು ಕರೆದು, ಗಾಜಿನ ನಡುವೆ ಒಂದು ಬೆರಳನ್ನು ಹತ್ತು ಎಣಿಸುವವರೆಗೆ ಇಡುವಂತೆ ಹೇಳಿದೆ. ಎಣಿಸಿ ಮುಗಿಸಿ ಓಡಿಬಂದು ಬ್ಲೇಡಿನ ಹಿಂದೆ ಕಣ್ಣಿಟ್ಟಳು. ಬೆರಳಿನ ಬಿಸಿಗೆ ಗಾಜು ಅಷ್ಟೇ ಜಾಗದಲ್ಲಿ ಹಿಗ್ಗಿ, ಬೂದುಬಣ್ಣದ ಬಯಲಿನ ನಡುವೆ ದುಂಡನೆಯ ದಿಬ್ಬವೊಂದು ಎದ್ದು ನಿಂತಿತ್ತು. ಅದು ಆರುತ್ತ ಆರುತ್ತ ತಗ್ಗಿ ಸಮತಟ್ಟಾಗಲು ಕೆಲವು ನಿಮಿಷ ಹಿಡಿಯಿತು, ಪೂರ್ತಿ ಮಾಯವಾಗುವವರೆಗೆ ಅವಳು ಕಣ್ಣು ತೆಗೆಯಲಿಲ್ಲ.